ಎಡಗೈಯ ಕಾವಲು

ಔಷಧಿ ಪೈಲಟ್ ಎಂದು ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಗಿದ್ದ ಅವನಿಗೆ ಎತ್ತರದ ಭಯ ಇರಲಿಲ್ಲ. ಗಾಳಿಮಳೆಯ ಭಯವೂ ಹೊಲದಂಚಿನ ಕರೆಂಟು ತಂತಿಯ ಭಯವೂ ಒಬ್ಬ ಪೈಲಟ್‌ಗೆ ಎಷ್ಟಿರಬೇಕೋ ಅಷ್ಟೇ ಇದ್ದವು. ಅವನು ನಿಜವಾಗಿ ಹೆದರುತ್ತಿದ್ದದ್ದು ತನ್ನ ಎಡಗೈಗೆ.

ನೋಡಿದರೆ ಆ ಕೈಯಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಐವತ್ತರ ಹತ್ತಿರ ಬಂದವನ ಕೈ. ಬಿಸಿಲಿಗೆ ಕಪ್ಪಿಟ್ಟಿತ್ತು, ಗೆಣ್ಣುಗಳ ಮೇಲೆ ಚರ್ಮ ಸಡಿಲವಾಗಿತ್ತು, ಉಗುರಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಎಣ್ಣೆಯ ಗೆರೆ. ಬೆಳಗಿನ ಚಹದ ಲೋಟವನ್ನು ಅದು ನಡುಗದೆ ಹಿಡಿಯುತ್ತಿತ್ತು. ಅಕ್ಕನ ಮನೆಯ ಬಾವಿಯಿಂದ ನೀರು ಸೇದುತ್ತಿತ್ತು, ಭಾವನ ಜೊತೆ ಇಸ್ಪೀಟು ಆಡುವಾಗ ಎಲೆಗಳನ್ನು ಬೀಸಣಿಗೆಯ ಹಾಗೆ ಬಿಡಿಸುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷದ ಹಿಂದೆ ಯುದ್ಧದ ಕಾಲದಲ್ಲಿ ಅದಕ್ಕೊಂದು ಪಾಠ ಕಲಿಸಿದ್ದರು. ಆ ಪಾಠವನ್ನು ಅದು ಮರೆತಿರಲಿಲ್ಲ.

ಪಾಠ ಹೇಳಿದವರು ಮೀಸೆ ಮಾಸ್ತರೆಂದು ಹುಡುಗರು ಕರೆಯುತ್ತಿದ್ದ ಒಬ್ಬ ಹಿರಿಯ ಪೈಲಟ್. ಮರದ ಕುರ್ಚಿಯ ಮೇಲೆ ಕೂರಿಸಿ, ಎಡತೊಡೆಯ ಪಕ್ಕದಲ್ಲಿ ಒಂದು ಕೆಂಪು ಹಿಡಿಕೆ ನೆಟ್ಟು, ಎದುರಿನ ಗೋಡೆಯ ಮೇಲೆ ಒಂದು ಚುಕ್ಕೆ ಇಳಿಸುತ್ತ ಬರುತ್ತಿದ್ದರು. ಚುಕ್ಕೆಯೆಂದರೆ ಗುರಿ; ಅದು ವಿಮಾನದ ಮೂಗಿನ ಕೆಳಗೆ ಮರೆಯಾಗಬೇಕು, ಒಂದು ಎಣಿಸಬೇಕು, ಹಿಡಿಕೆ ಎಳೆಯಬೇಕು, ಬಾಂಬು ಬೀಳಬೇಕು. ತಡವಾದರೆ ಬೆರಳಿನ ಮೇಲೆ ಅಡಿಕೋಲಿನ ಏಟು. ತಲೆಯನ್ನು ಕೇಳಬೇಡಿ, ತಲೆ ನಿಧಾನ, ಕೈಗೇ ಕಲಿಸಿ ಎನ್ನುತ್ತಿದ್ದರು. ಸಾವಿರ ಸಲವೋ ಎರಡು ಸಾವಿರ ಸಲವೋ ಆದಮೇಲೆ ಕೈ ಕಲಿತೇಬಿಟ್ಟಿತು. ಕಲಿತದ್ದನ್ನು ಬಿಡಿಸುವ ಶಾಲೆಯನ್ನು ಮಾತ್ರ ಯಾರೂ ತೆರೆದಿರಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಒಂದು ದಿನ ಅವನು ಒಂದು ಮಣ್ಣುದಾರಿಯ ಮೇಲೆ ತೀರ ಕೆಳಗೆ ಹಾರುತ್ತಿದ್ದ. ದಾರಿಯಲ್ಲಿ ಗಾಡಿಗಳಿವೆ, ಅವು ಶತ್ರುವಿನವು ಎಂದು ಹೇಳಿ ಕಳಿಸಿದ್ದರು. ಮೊದಲ ಗಾಡಿಯ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತು ಬಿಳಿ ಬಟ್ಟೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿದ್ದಳು. ಅದು ಅವನಿಗೆ ಚೆನ್ನಾಗಿ ಕಂಡಿತ್ತು. ಬಟ್ಟೆಯ ಅಂಚಿನ ಹೊಲಿಗೆ ಬಿಚ್ಚಿ ಒಂದು ಮೂಲೆ ಜೋತಿದ್ದದ್ದು ಕೂಡ ಕಂಡಿತ್ತು. ಬೇಡ ಎಂದು ತಲೆ ಅಂದುಕೊಳ್ಳುವಷ್ಟರಲ್ಲಿ ಬಟ್ಟೆ ಮೂಗಿನ ಕೆಳಗೆ ಮರೆಯಾಗಿತ್ತು. ಎಡಗೈ ಒಂದು ಎಣಿಸಿ ಎಳೆದಾಗಿತ್ತು. ಭಾರ ಕಳಚಿದ ವಿಮಾನ ಹಕ್ಕಿಯ ಹಾಗೆ ಮೇಲಕ್ಕೆ ಚಿಮ್ಮಿತು. ಆ ಚಿಮ್ಮುವಿಕೆ ಅವನ ಹೊಟ್ಟೆಯಲ್ಲಿ ಇವತ್ತಿಗೂ ಇತ್ತು.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಯುದ್ಧದಿಂದ ಅಕ್ಕನ ಮನೆಗೆ ಬಂದ, ಅಲ್ಲೇ ಉಳಿದ. ತಾಯಿ ತೀರಿಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದವಳು ಆ ಅಕ್ಕ. ಈಗ ಅವಳ ಮೊಣಕಾಲು ಬಗ್ಗುತ್ತಿರಲಿಲ್ಲ, ಬಾಯಿ ಮಾತ್ರ ಮೊದಲಿನ ಹಾಗೇ ಓಡುತ್ತಿತ್ತು. ಹನ್ನೊಂದು ವರ್ಷದ ಹಿಂದೆ ರೈತರ ಸಂಘದವರು ಹತ್ತಿಗೆ ಔಷಧಿ ಹೊಡೆಸಲು ಒಂದು ಪುಟ್ಟ ವಿಮಾನ ತಂದಾಗ, ಹಾರಿಸಲು ಬೇರೆ ಯಾರು ಸಿಗುತ್ತಾರೆ ಎಂದು ಇವನ ಹತ್ತಿರ ಬಂದರು. ಯುದ್ಧದಲ್ಲಿ ಇವನ ವಿಮಾನ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯನ್ನು ಇವನೇ ಕಾಗದ ಬರೆದು ಕರೆಸಿಕೊಂಡ. ಮೇಸ್ತ್ರಿ ಒಂದು ಪೆಟ್ಟಿಗೆ ಹತಾರ, ಒಂದು ಜೊತೆ ಬಟ್ಟೆಯೊಂದಿಗೆ ಬಂದು ಷೆಡ್ಡಿನ ಹಿಂದಿನ ಕೋಣೆಯಲ್ಲಿ ಇಳಿದುಕೊಂಡ.

ಹೊಸ ವಿಮಾನದೊಳಗೆ ಮೊದಲ ಸಲ ಕೂತ ದಿನ ಅವನ ಕಣ್ಣು ಮೊದಲು ಹೋದದ್ದು ತೊಡೆಯ ಪಕ್ಕಕ್ಕೆ. ಎಡಗಡೆ ಎಂಜಿನ್ನಿಗೆ ಒಂದು ಕಪ್ಪು ಗುಂಡಿ, ಔಷಧಿ ಬಿಡಲು ಒಂದು ಹಳದಿ ಗುಂಡಿ, ಅವುಗಳ ಹಿಂದೆ ತೊಡೆಯ ಪಕ್ಕದಲ್ಲಿ ಒಂದು ಕೆಂಪು ಹಿಡಿಕೆ. ಅದೇ ಜಾಗ, ಅದೇ ಉದ್ದ, ಅದೇ ಬಣ್ಣ. ಎಂಜಿನ್ ಕೈಕೊಟ್ಟರೆ ಈ ಕೆಂಪು ಹಿಡಿಕೆ ಎಳೆಯಬೇಕು. ಎಳೆದರೆ ಔಷಧಿ ಟ್ಯಾಂಕಿನ ತಳವೇ ತೆರೆದುಕೊಂಡು ಐವತ್ತು ಕೊಡದಷ್ಟು ವಿಷ ಒಂದೇ ಸಲಕ್ಕೆ ನೆಲಕ್ಕೆ ಬೀಳುತ್ತದೆ, ವಿಮಾನ ಹಗುರಾಗಿ ಪೈಲಟ್‌ನ ಜೀವ ಉಳಿಯುತ್ತದೆ. ಕೆಳಗೆ ಯಾರಾದರೂ ಇದ್ದರೆ ವಿಷ ಮೈಗೆ ಹತ್ತುವ ಮುಂಚೆ ಆ ಭಾರಕ್ಕೇ ಕತ್ತು ಮುರಿಯುತ್ತದೆ. ಈ ವಿಮಾನ ಮಾಡಿದವರ ತಲೆಗೂ ಆ ಬಾಂಬಿನ ವಿಮಾನ ಮಾಡಿದವರ ತಲೆಗೂ ಏನು ನೆಂಟಸ್ತಿಕೆಯೋ ಎಂದು ಮೇಸ್ತ್ರಿ ನಕ್ಕಿದ್ದ. ಅವನಿಗೆ ನಗು ಬರಲಿಲ್ಲ.

ಕೆಳಗೆ ಒಬ್ಬರು ಇದ್ದೇ ಇರುತ್ತಿದ್ದರು. ಹೊಲದ ತುದಿಯಲ್ಲಿ ಬಾವುಟ ಹಿಡಿದ ಒಬ್ಬ ಮನುಷ್ಯ ನಿಲ್ಲದೆ ಈ ಕೆಲಸ ಆಗುವಂತಿರಲಿಲ್ಲ. ಮೇಲಿನಿಂದ ಹತ್ತಿಯ ಸಾಲುಗಳೆಲ್ಲ ಒಂದೇ ಹಾಗೆ ಕಾಣುತ್ತವೆ. ಯಾವುದಕ್ಕೆ ಹೊಡೆದಾಯಿತು, ಯಾವುದು ಉಳಿಯಿತು ಗೊತ್ತಾಗುವುದಿಲ್ಲ. ಅದಕ್ಕೇ ಬಾವುಟದವನ ಕಡೆಗೆ ನೇರ ಮೂಗು ಇಟ್ಟು, ಗಿಡಗಳ ತಲೆ ಸವರುವ ಹಾಗೆ ಹಾರಿ ಬರಬೇಕು. ವಿಮಾನ ಸಾಲಿಗೆ ಬಂದದ್ದು ಕಂಡ ಕೂಡಲೇ ಬಾವುಟದವನು ಗಾಳಿ ಬರುವ ಕಡೆಗೆ ಇಪ್ಪತ್ತು ಹೆಜ್ಜೆ ಎಣಿಸಿಕೊಂಡು ಸರಿದು, ಮುಂದಿನ ಸಾಲಿಗೆ ನಿಲ್ಲಬೇಕು. ಆ ಕೆಲಸ ಭಾವನದು. ತನ್ನ ತಲೆ ಬೋಳಾದದ್ದು ವಯಸ್ಸಿನಿಂದಲ್ಲ, ಭಾವಮೈದುನನ ಚಕ್ರ ಸವರಿ ಸವರಿ ಎಂದು ಅವನು ಊರವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಪ್ರತಿ ಸಾಲಿನ ಕೊನೆಯಲ್ಲೂ ಕೆಂಪು ಬಾವುಟ ಪಕ್ಕಕ್ಕೆ ಸರಿದು ಮೂಗಿನ ಅಂಚಿನಲ್ಲಿ ಮರೆಯಾಗುವಾಗ ಎಡಗೈಯೊಳಗೆ ಏನೋ ಎದ್ದು ಕೂರುತ್ತಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಇರುವೆ ಓಡಿದ ಹಾಗೆ. ಆಗ ಅವನು ಎಂಜಿನ್ನಿನ ಸದ್ದಿನಲ್ಲಿ ಗಟ್ಟಿಯಾಗಿ, “ಇದು ನಮ್ಮ ಭಾವ, ಇದು ನಮ್ಮ ಭಾವ,” ಎಂದು ಹೇಳಿಕೊಳ್ಳುತ್ತಿದ್ದ. ದಿನಕ್ಕೆ ನೂರು ಸಲ. ಹಾಗೆ ಹೇಳಿದರೆ ಕೈ ಕೇಳುತ್ತಿತ್ತು.

ಒಂದು ಸಲ ಕೇಳಿರಲಿಲ್ಲ. ಎರಡು ವರ್ಷದ ಹಿಂದೆ ಬೇರೆ ಊರಿನ ಹೊಲದಲ್ಲಿ ಬಿಳಿ ಅಂಗಿಯ ಅಪರಿಚಿತನೊಬ್ಬ ಬಾವುಟ ಹಿಡಿದಿದ್ದ. ಇಳಿದು ನೋಡಿದರೆ, ಎಳೆದರೆ ತಿಳಿಯಲೆಂದು ಕೆಂಪು ಹಿಡಿಕೆಗೆ ಕಟ್ಟಿದ್ದ ಮುದ್ರೆಯ ತಂತಿ, ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ, ತುಂಡಾಗಿತ್ತು. ಹಿಡಿಕೆ ಅರ್ಧ ಬೆರಳು ಹಿಂದಕ್ಕೆ ಬಂದಿತ್ತು. ಇನ್ನೊಂದು ಬೆರಳು ಬಂದಿದ್ದರೆ ಆ ಮನುಷ್ಯ ಇರುತ್ತಿರಲಿಲ್ಲ. ತೋಳು ಸಿಕ್ಕಿಕೊಂಡಿತು ಅಂತ ಅವನು ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ಅವನ ಅರ್ಧ ತೋಳಿನ ಅಂಗಿಯನ್ನು ನೋಡಿದ, ಬೇರೆ ತಂತಿ ಕಟ್ಟಿದ. ಅವತ್ತಿನಿಂದ ತಾನು ಹಾರುವ ಕಡೆಯಲ್ಲೆಲ್ಲ ಭಾವನೇ ಬಾವುಟ ಹಿಡಿಯಬೇಕು, ಬಾವುಟ ಕೆಂಪೇ ಆಗಿರಬೇಕು ಎಂದು ಅವನು ಹಟ ಹಿಡಿದ. ಹಸಿರಿನ ಮೇಲೆ ಕೆಂಪು ಎದ್ದು ಕಾಣುತ್ತದೆ ಎಂದು ಕಾರಣ ಕೊಟ್ಟ. ನಿಜವಾದ ಕಾರಣ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ವರ್ಷ ಅಕ್ಕನ ಹೊಲದ ಹತ್ತಿಗೆ ಕಾಯಿ ಕೊರೆಯುವ ಹುಳು ಬಿತ್ತು. ಒಂದು ಕಾಯಿ ಸೀಳಿದರೆ ಒಳಗೆ ಬೆರಳ ಗಾತ್ರದ್ದು ಹೊರಳುತ್ತಿತ್ತು. ಮೂರು ದಿನ ಬಿಟ್ಟರೆ ಕಡ್ಡಿ ಮಾತ್ರ ಉಳಿಯುತ್ತದೆ ಎಂದು ಭಾವ ಅಂದ. ಹೊಲ ವಿಮಾನದ ಷೆಡ್ಡಿಗೆ ಹೊಂದಿಕೊಂಡೇ ಇತ್ತು. ಬೆಳಿಗ್ಗೆ ಗಾಳಿ ಏಳುವ ಮುಂಚೆ ಶುರುಮಾಡಿ ಎರಡು ಟ್ಯಾಂಕು ಔಷಧಿ ಹೊಡೆದು ಮುಗಿಸಿದ. ಭಾವ ಆಚೆ ತುದಿಯಲ್ಲಿ ಕೆಂಪು ಬಾವುಟ ಬೀಸುತ್ತ ಒಂದೊಂದೇ ಸಾಲು ಸರಿಯುತ್ತಿದ್ದ. ನೂರಿಪ್ಪತ್ತು ಸಲ ‘ಇದು ನಮ್ಮ ಭಾವ’ ಆಯಿತು. ಇಳಿದು ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು, ನಾಲಿಗೆ ಅಂಗುಳಿಗೆ ಹತ್ತಿತ್ತು. ಮೇಸ್ತ್ರಿ ಕೊಳವೆ ಹಚ್ಚಿ ಮೂರನೇ ಟ್ಯಾಂಕು ತುಂಬುತ್ತ, ಸ್ವಲ್ಪ ನೀರು ಕುಡಿದು ವಿಮಾನ ಹತ್ತಿ, ಪೈಲಟ್ರೇ, ಹುಳುವೇನೂ ರೈಲು ಹಿಡಿಯಬೇಕಾಗಿಲ್ಲ ಎಂದ. ಅವನು ಲೋಟವನ್ನು ಬಲಗೈಯಲ್ಲಿ ತೆಗೆದುಕೊಂಡ. ಎಡಗೈಯನ್ನು ಜೇಬಿನಲ್ಲಿ ಇಟ್ಟಿದ್ದ.

ಈ ನಡುವೆ ಹೊಲದ ಆಚೆ ತುದಿಯಲ್ಲಿ ನಡೆದದ್ದು ಅವನಿಗೆ ಗೊತ್ತಾಗುವ ದಾರಿ ಇರಲಿಲ್ಲ. ಭಾವ ನೀರುಗಾಲುವೆ ದಾಟುವಾಗ ಜಾರಿ ಬಿದ್ದು ಕಾಲು ಉಳುಕಿಸಿಕೊಂಡ. ಬಾವುಟ ಅವನ ಕೆಳಗೆ ಸಿಕ್ಕಿ ಕೆಸರಾಯಿತು, ಮಣ್ಣಿನ ಬಣ್ಣಕ್ಕೂ ಅದಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಚಹ ತಂದಿದ್ದ ಅಕ್ಕ ಗಂಡನನ್ನು ಬದುವಿನ ಮೇಲೆ ಕೂರಿಸಿ, ಬಾವುಟ ಹಿಡಿಯೋದು ಏನು ಮಹಾ ವಿದ್ಯೆ, ಇಪ್ಪತ್ತರವರೆಗೆ ನನಗೂ ಎಣಿಸೋಕೆ ಬರುತ್ತೆ ಎಂದಳು. ಮನೆಯ ಹಿಂದಿನ ತಂತಿಯ ಮೇಲೆ ಒಣಗಲು ಹಾಕಿದ್ದ ಹಾಸಿಗೆಯ ದುಪ್ಪಟಿ ಕಣ್ಣಿಗೆ ಬಿತ್ತು. ಎರಡು ಮೈಲಿ ದೂರದಿಂದಲೂ ಕಾಣುವಂಥ ಬಿಳುಪು. ಅದನ್ನು ಎಳೆದುಕೊಂಡು ಬಂದು ಸಾಲಿನ ತುದಿಯಲ್ಲಿ ನಿಂತಳು.

ಇತ್ತ ಅವನು ತುಂಬಿದ ಟ್ಯಾಂಕಿನೊಂದಿಗೆ ಮೇಲೆದ್ದು, ಒಂದು ಸುತ್ತು ಹಾಕಿ, ಸಾಲಿಗೆ ಮೂಗು ತಂದು ಇಳಿಸಿದ. ಗಿಡಗಳ ತಲೆ ಚಕ್ರದ ಕೆಳಗೆ ಹಸಿರು ನೀರಿನ ಹಾಗೆ ಹರಿಯತೊಡಗಿತು. ಬಾಯಿ ಅಭ್ಯಾಸಬಲದಿಂದ ಇದು ನಮ್ಮ ಎಂದು ಶುರುಮಾಡಿತು. ಹಳದಿ ಗುಂಡಿಗೆ ಕೈ ಹೋಗುವ ಮುಂಚೆ ಎದುರಿಗೆ ನೋಡಿದ.

ಬಿಳಿ ಬಟ್ಟೆ. ಒಬ್ಬ ಹೆಂಗಸು. ಎರಡೂ ಕೈ ಮೇಲೆ.

ಮಾತು ಅರ್ಧಕ್ಕೇ ನಿಂತಿತು. ಇದು ಭಾವ ಅಲ್ಲ. ಹಾಗಾದರೆ ಯಾರು ಎನ್ನುವುದಕ್ಕೆ ತಲೆ ತಡಕಾಡುತ್ತಿತ್ತು, ಸಿಗುತ್ತಿರಲಿಲ್ಲ. ಹತ್ತಿಯ ಹೊಲ ಮಣ್ಣುದಾರಿಯಾಗಿತ್ತು, ಹೆಂಗಸಿನ ಪಕ್ಕದಲ್ಲಿ ಗಾಡಿಯೊಂದು ಮಾತ್ರ ಇರಲಿಲ್ಲ. ಅವಳು ಸರಿಯಲಿಲ್ಲ. ಪಕ್ಕಕ್ಕೆ ಸರಿ, ಸರಿ, ಸರಿ ಎಂದು ಅವನು ಒಳಗೇ ಕೂಗುತ್ತಿದ್ದ. ಅವಳು ನಿಂತೇ ಇದ್ದಳು. ಗಾಳಿಗೆ ಬಟ್ಟೆಯ ಒಂದು ಮೂಲೆ ಜೋತು ಬಡಿದುಕೊಳ್ಳುತ್ತಿತ್ತು. ಆಮೇಲೆ ಬಿಳುಪು ಮೂಗಿನ ಕೆಳಗೆ ಮರೆಯಾಯಿತು.

ಎಡಗೈ ಒಂದು ಎಣಿಸಿ ಎಳೆಯಿತು.

ಅದು ಎಳೆಯುವುದನ್ನು ಅವನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದ. ತಾಮ್ರದ ಮುದ್ರೆ ಪಟ್ಟೆಂದದ್ದು ಬೆರಳಿಗೆ ತಿಳಿಯಿತು. ಹಿಡಿಕೆ ಸ್ವಲ್ಪ ಹಿಂದಕ್ಕೆ ಬಂತು. ಕೈ ಬಿಡಲಿಲ್ಲ, ಭುಜದಿಂದ ಶಕ್ತಿ ತಂದುಕೊಂಡು ಇನ್ನೊಮ್ಮೆ ಎಳೆಯಿತು. ಅಷ್ಟರಲ್ಲಿ ಹೊಲದ ಅಂಚಿನ ಮರಗಳು ಮುಖದ ಮೇಲೇ ಬಂದವು. ಬಲಗೈ ಹೇಗೋ ತನ್ನ ಕೆಲಸ ಮಾಡಿತು. ವಿಮಾನ ನರಳುತ್ತ ಏರಿ, ಕೊಂಬೆಯೊಂದು ಹೊಟ್ಟೆಗೆ ಉಜ್ಜಿದ ಸದ್ದಾಗಿ, ಮರಗಳಾಚೆಗೆ ಹೋಯಿತು.

ಹಿಂತಿರುಗಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಆಗಲೇ ಮಾತು ಹಿಂದಿರುಗಿತ್ತು. ಆ ಬಗ್ಗದ ಮೊಣಕಾಲು, ಒಂದು ಕಡೆಗೆ ವಾಲಿ ನಿಲ್ಲುವ ರೀತಿ. ಅಕ್ಕ. ಅವಳು ಅಕ್ಕ. ವಿಮಾನ ಚಿಮ್ಮಿತೇ? ಹೊಟ್ಟೆಯನ್ನು ಕೇಳಿಕೊಂಡ. ಚಿಮ್ಮಿದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತಿದ್ದ ಚಿಮ್ಮುವಿಕೆ ಯಾವುದು, ಈಗಿನದು ಯಾವುದು ಬೇರೆ ಮಾಡಲು ಬರಲಿಲ್ಲ. ಎದುರಿಗೇ ಟ್ಯಾಂಕಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇತ್ತು. ಕಣ್ಣು ಅದರ ಕಡೆ ಹೊರಳಿಸಿದರೆ ಸಾಕು. ಅವನು ದಿಗಂತವನ್ನೇ ನೋಡುತ್ತ ಕೂತ. ನೋಡದಿರುವಷ್ಟು ಹೊತ್ತು ಅಕ್ಕ ಇದ್ದಾಳೆ ಅನ್ನಿಸಿತು. ಹಲ್ಲುಗಳು ಕಟಕಟ ಹೊಡೆದುಕೊಳ್ಳುತ್ತಿದ್ದವು. ಆ ಸದ್ದು ಎಂಜಿನ್ನಿನದೆಂದು ತಿಳಿದು ಒಂದು ಸಲ ಬಲಗೈ ಚಾಚಿ ಎಂಜಿನ್ನಿನ ಕಪ್ಪು ಗುಂಡಿಯನ್ನೂ ತಿರುಗಿಸಿದ.

ಇಳಿಯುವ ದಾರಿಗೆ ವಿಮಾನ ತಂದ. ಚಕ್ರ ನೆಲಕ್ಕೆ ತಾಗಿದಾಗ ಧಡ್ ಎಂದು ಬಿತ್ತು, ಬೆನ್ನುಮೂಳೆ ತಲೆಗೆ ಹೊಡೆದ ಹಾಗಾಯಿತು. ಹಗುರ ವಿಮಾನ ಹಾಗೆ ಬೀಳುವುದಿಲ್ಲ. ತುಂಬಿದ ಟ್ಯಾಂಕು ಮಾತ್ರ ಹಾಗೆ ಬೀಳುತ್ತದೆ. ಷೆಡ್ಡಿನ ಮುಂದೆ ಎಂಜಿನ್ ನಿಂತ ಮೇಲೂ ಅವನು ಇಳಿಯಲಿಲ್ಲ. ಎಡಗೈ ಇನ್ನೂ ಕೆಂಪು ಹಿಡಿಕೆಯನ್ನು ಹಿಡಿದೇ ಇತ್ತು. ಬಲಗೈಯಿಂದ ಒಂದೊಂದೇ ಬೆರಳು ಬಿಡಿಸಿಕೊಂಡ.

ಮೇಸ್ತ್ರಿ ರೆಕ್ಕೆ ಹತ್ತಿ ಬಂದು ಒಳಗೆ ನೋಡಿದ. ತುಂಡಾದ ಮುದ್ರೆ ನೋಡಿದ. ಆಸನದ ಕೆಳಗೆ ಕೈ ಹಾಕಿ ಏನನ್ನೋ ತಡವಿ ನೋಡಿ ಉಸಿರು ಬಿಟ್ಟ. ಅವನೂ ಬಗ್ಗಿ ನೋಡಿದ. ಹಿಡಿಕೆಯಿಂದ ಟ್ಯಾಂಕಿಗೆ ಹೋಗುವ ಸರಳನ್ನು ಬೆಂಕಿಕಡ್ಡಿಯಷ್ಟು ದಪ್ಪದ ಉಕ್ಕಿನ ತಂತಿಯಿಂದ ಏಳೆಂಟು ಸುತ್ತು ಸುತ್ತಿ ಚೌಕಟ್ಟಿಗೆ ಬಿಗಿದಿತ್ತು. ತಂತಿಗೆ ತುಕ್ಕು ಹಿಡಿದಿತ್ತು. ಕಟ್ಟಿ ಬಹಳ ದಿನವಾಗಿತ್ತು.

“ಯಾವಾಗ ಕಟ್ಟಿದೆ?”

“ನಿಮ್ಮ ತೋಳು ಸಿಕ್ಕಿಕೊಂಡಿತಲ್ಲ, ಅವತ್ತು ಸಾಯಂಕಾಲ.”

“ಎರಡು ವರ್ಷ,” ಅಂದ. “ಎಂಜಿನ್ ನಿಂತಿದ್ರೆ ನಾನು ಸತ್ತೇಹೋಗ್ತಿದ್ದೆ.”

“ಹೌದು. ನೀವೊಬ್ರೇ ಸಾಯ್ತಿದ್ರಿ,” ಎಂದ ಮೇಸ್ತ್ರಿ. “ದಿನಾ ನೀವು ಏರಿದಾಗಿಂದ ಇಳಿಯೋವರೆಗೂ ಎಂಜಿನ್ ಸದ್ದಿಗೆ ಕಿವಿ ಕೊಟ್ಟು ಇಲ್ಲೇ ಕೂತಿರ್ತಿದ್ದೆ. ಊಟ ಇಳೀತಿರಲಿಲ್ಲ. ಹೇಳೋಣ ಅಂದ್ರೆ, ನೀವು ಹೇಳದೆ ಇರೋದನ್ನ ನಾನು ಹೇಗೆ ಬಾಯಿಬಿಡಲಿ?”

ಅವನು ಇಳಿದ. ಎಡಗೈಯನ್ನು ಜೇಬಿಗೆ ತುರುಕಿ, ಬಲಗೈಯಲ್ಲಿ ಚಕ್ರ ಹಿಡಿದು ನಿಂತ. ಅಚ್ಚಿಗೆ ಹತ್ತಿಯ ಒಂದು ರೆಂಬೆ, ಎರಡು ಹಸಿ ಕಾಯಿ ಸಿಕ್ಕಿಕೊಂಡಿದ್ದವು. ಪ್ರತಿ ಹಾರಾಟದ ಮೇಲೆ ಪೈಲಟ್ ತನಗೆ ಕಂಡ ದೋಷ ಬರೆಯುವ ಪುಸ್ತಕವೊಂದು ಷೆಡ್ಡಿನ ಮೊಳೆಗೆ ನೇತುಹಾಕಿರುತ್ತಿತ್ತು. ಹನ್ನೊಂದು ವರ್ಷ ಅವನು ದೋಷ ಇಲ್ಲ ಎಂದೇ ಬರೆದಿದ್ದ. ಈಗ ಪುಸ್ತಕ ತೆಗೆದು, ವಿಮಾನ ಸರಿಯಾಗಿದೆ, ಪೈಲಟ್‌ನ ಎಡಗೈ ಕಾರಣವಿಲ್ಲದೆ ಕೆಂಪು ಹಿಡಿಕೆ ಎಳೆಯಿತು, ಎರಡನೇ ಸಲ ಎಂದು ಬರೆದ. ಅಕ್ಷರ ಗೀಚಾಗಿತ್ತು. ದೋಷ ಸರಿಪಡಿಸಲಾಗಿದೆ ಎಂದು ಮೇಸ್ತ್ರಿ ಕೆಳಗೆ ಸಹಿ ಹಾಕದೆ ಆ ಪೈಲಟ್ ಮತ್ತೆ ಏರುವಂತಿಲ್ಲ. ಮೇಸ್ತ್ರಿ ಎರಡು ಸಲ ಓದಿದ, ಸಹಿ ಮಾಡದೆ ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿದ, ಇಕ್ಕಳ ಹುಡುಕಿಕೊಂಡು ಬಂದು ಉಕ್ಕಿನ ತಂತಿ ಕತ್ತರಿಸಲು ಆಸನದ ಕೆಳಗೆ ತೂರಿದ.

ಅಷ್ಟು ಹೊತ್ತಿಗೆ ಅಕ್ಕ ಕಾಲೆಳೆದುಕೊಂಡು ಬದುವಿನ ಮೇಲೆ ಬರುವುದು ಕಂಡಿತು. ದುಪ್ಪಟಿ ಮುದ್ದೆಯಾಗಿ ಬಗಲಲ್ಲಿತ್ತು. ದೂರದಿಂದಲೇ ಶುರುಮಾಡಿದ್ದಳು: ಔಷಧಿ ಒಂದು ಹನಿ ಬೀಳಲಿಲ್ಲ, ಬರೀ ಗಾಳಿ ಹೊಡೆದುಕೊಂಡು ಹೋಗುವುದಕ್ಕೆ ವಿಮಾನ ಯಾಕೆ, ಅವಳ ತಲೆಯ ಪಿನ್ನೆಲ್ಲ ಹಾರಿಹೋಯಿತು, ಭಾವನ ಕಾಲು ಕುಂಬಳಕಾಯಿಯ ಹಾಗೆ ಊದಿದೆ, ಆ ಮನುಷ್ಯನಿಗೆ ಬೀಳುವುದಕ್ಕೂ ಒಂದು ಹೊತ್ತು ಗೊತ್ತಿಲ್ಲ. ಹತ್ತಿರ ಬಂದು ತಮ್ಮನ ಮುಖ ನೋಡಿ ನಿಲ್ಲಿಸಿದಳು.

ಅವನು ಹೇಳಿದ. ಮಣ್ಣುದಾರಿ, ಗಾಡಿ, ಬಿಳಿ ಬಟ್ಟೆ, ಬಿಚ್ಚಿದ ಹೊಲಿಗೆ. ಆಮೇಲೆ ಇವತ್ತಿನದು. ನಿಂತು ನಿಂತು ಹೇಳಿದ, ನೆಲ ನೋಡಿಕೊಂಡು ಹೇಳಿದ. ಆಸನದ ಕೆಳಗೆ ಇಕ್ಕಳದ ಸದ್ದು ನಿಂತುಹೋಗಿತ್ತು.

ಅಕ್ಕ ದುಪ್ಪಟಿಯನ್ನು ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡು ಕೇಳಿದಳು.

“ಆ ಹೆಂಗಸು ಓಡಲಿಲ್ವಾ?”

“ಇಲ್ಲ. ನಿಂತೇ ಇದ್ಲು.”

“ನಾನೂ ನಿಂತೇ ಇದ್ದೆ.”

“ಭಾವ ಹೇಳಿರಲಿಲ್ವಾ, ವಿಮಾನ ಕಂಡ ಕೂಡ್ಲೇ ಸರೀಬೇಕು ಅಂತ?”

“ಹೇಳಿದ್ರು,” ಅಂದಳು. “ಬರ್ತಾ ಇರೋನು ನೀನಲ್ವಾ ಅಂತ ನಿಂತೆ.”

ಅವತ್ತು ಬೆಳಗಿನಿಂದ ಪಟ್ಟ ಭಯವೆಲ್ಲ ಈ ಮಾತಿನ ಮುಂದೆ ಏನೂ ಅಲ್ಲ ಅನ್ನಿಸಿತು. ಆ ದಾರಿಯ ಹೆಂಗಸು ಯಾರು ಬರುತ್ತಿದ್ದಾರೆಂದು ನಿಂತಿದ್ದಳೋ. ಅವನು ಅಲ್ಲೇ ಎಣ್ಣೆಯ ಡಬ್ಬದ ಮೇಲೆ ಕೂತ.

ಅಕ್ಕ ಅವನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಉಳಿದ ಹತ್ತಿಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದರಾಯಿತು, ಅರ್ಧ ಹೋದರೆ ಅರ್ಧ ಹೋಗಲಿ ಎಂದಳು. ಆಮೇಲೆ ಬಗಲಿನ ದುಪ್ಪಟಿ ಕೊಡವಿ ಬಿಡಿಸಿ, ಎರಡು ಮೂಲೆ ತಾನು ಹಿಡಿದು, ಇನ್ನೆರಡನ್ನು ಅವನ ಕಡೆ ಚಾಚಿದಳು. ಒಬ್ಬಳ ಕೈಯಲ್ಲಿ ಮಡಿಸಲು ಬರುವಷ್ಟು ಚಿಕ್ಕದಲ್ಲ ಅದು. ಚಿಕ್ಕಂದಿನಲ್ಲಿ ಅವನು ಹೀಗೇ ಆಚೆ ತುದಿ ಹಿಡಿಯುತ್ತಿದ್ದ.

ಅವನು ಎದ್ದ. ಒಂದು ಮೂಲೆಯನ್ನು ಬಲಗೈಯಲ್ಲಿ ತೆಗೆದುಕೊಂಡ. ಇನ್ನೊಂದು ಮೂಲೆ ನೆಲಕ್ಕೆ ಜೋತಿತ್ತು.

“ಎರಡೂ ಕೈಯಲ್ಲಿ ಹಿಡ್ಕೋ, ಪುಟ್ಟ.”

ಜೇಬಿನಿಂದ ಎಡಗೈ ತೆಗೆದ. ಅದು ನಡುಗುತ್ತಿತ್ತು, ಇಷ್ಟು ವರ್ಷ ಒಂದು ದಿನವೂ ನಡುಗದಿದ್ದದ್ದು ಈಗ ಎಲೆಯ ಹಾಗೆ ನಡುಗುತ್ತಿತ್ತು. ಬಟ್ಟೆ ಹಿಡಿದ ಕೂಡಲೇ ನಡುಕ ಆ ಬಿಳುಪಿನ ಮೇಲೆ ಸಣ್ಣ ಸಣ್ಣ ಅಲೆಯಾಗಿ ಹರಿದು ಅಕ್ಕನ ಕೈಯವರೆಗೂ ಹೋಯಿತು. ಅವಳು ತನ್ನ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಅಲೆ ನಿಲ್ಲಲಿ ಎಂದು ಕಾದಳು. ಅದು ನಿಲ್ಲಲಿಲ್ಲ. ಅವಳೂ ಬಿಡಲಿಲ್ಲ.